ವೆಬ್‌ಸೈಟ್ ಸಾಗಿಸುವಾಗ ಇಮೇಲ್ ಏಕೆ ನಿಲ್ಲುತ್ತದೆ?

ವೆಬ್‌ಸೈಟನ್ನು ಒಂದು ಹೋಸ್ಟಿಂಗ್ ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಿಕೊಂಡವರು ಮರುದಿನ ಕರೆ ಮಾಡಿ ಹೇಳುವ ಮಾತು ಬಹುತೇಕ ಒಂದೇ: "ಸೈಟ್ ಚೆನ್ನಾಗಿ ತೆರೆಯುತ್ತಿದೆ ಸರ್, ಆದರೆ ನಿನ್ನೆ ರಾತ್ರಿಯಿಂದ ಒಂದೂ ಮೇಲ್ ಬಂದಿಲ್ಲ." ನೇಮ್‌ಸರ್ವರ್ (ಡೊಮೈನಿನ ವಿಳಾಸಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸುವ ಸರ್ವರ್) ಬದಲಿಸಿದಿರಾ ಎಂದು ಕೇಳಿದರೆ, ಹೊಸ ಕಂಪನಿಯ ಸ್ವಾಗತ ಪತ್ರದಲ್ಲಿ ಹಾಗೆಯೇ ಬರೆದಿತ್ತು, ಅದರಂತೆ ಬದಲಿಸಿದೆವು ಎನ್ನುತ್ತಾರೆ. ಹೇಳಿದ್ದನ್ನು ನಂಬಿ ಮಾಡಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ತಮ್ಮ ಮೇಲ್ ವ್ಯವಸ್ಥೆಯ ಬಗ್ಗೆ ಏನೂ ಗೊತ್ತಿಲ್ಲದ ಗ್ರಾಹಕರಿಗೂ ಅದೇ ಸಿದ್ಧ ಪತ್ರವನ್ನು ಕಳುಹಿಸುವ ಪದ್ಧತಿಯನ್ನು ಕಂಡರೆ ಬೇಸರವಾಗುತ್ತದೆ.

ವೆಬ್‌ಸೈಟ್ ಮತ್ತು ಇಮೇಲ್ ಎರಡೂ ಒಂದೇ ಡೊಮೈನ್ ಹೆಸರನ್ನು ಬಳಸುತ್ತವೆ. ಅವುಗಳ ನಡುವೆ ಅದಕ್ಕಿಂತ ಹೆಚ್ಚಿನ ಸಂಬಂಧ ಇರಲೇಬೇಕೆಂದಿಲ್ಲ. ಸೈಟ್ ಯಾವ ಸರ್ವರಿನಲ್ಲಿದೆ ಎಂಬುದನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನ್ ಹೆಸರುಗಳ ವಿಳಾಸದ ವಹಿಯಲ್ಲಿ, ಎ ರೆಕಾರ್ಡ್ ಎಂಬ ನಮೂದು ಹೇಳುತ್ತದೆ, ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂಬುದನ್ನು ಎಂಎಕ್ಸ್ ರೆಕಾರ್ಡ್ ಹೇಳುತ್ತದೆ. ಎಂಎಕ್ಸ್ ರೆಕಾರ್ಡಿನ ನಿಯಮಗಳನ್ನು ವಿವರಿಸಿದ ಆರ್‌ಎಫ್‌ಸಿ 974 ಎಂಬ ತಾಂತ್ರಿಕ ದಾಖಲೆ ಪ್ರಕಟವಾದದ್ದು 1986ರಲ್ಲಿ, ವೆಬ್ ಹುಟ್ಟುವುದಕ್ಕೂ ಮೊದಲು. ಹಾಗಾಗಿ ಸೈಟ್ ಎಲ್ಲಿಗೆ ಹೋದರೂ ಮೇಲ್ ಇದ್ದಲ್ಲಿಯೇ ಇರಬಹುದು. ಅದನ್ನು ಯಾರಾದರೂ ಅಲುಗಿಸಿದರೆ ಮಾತ್ರ ತೊಂದರೆಯಾಗುತ್ತದೆ.

ನೇಮ್‌ಸರ್ವರ್ ಬದಲಿಸಿದಾಗ ಆಗುವುದು ಅದೇ. ಅದು ವಹಿಯಲ್ಲಿ ಒಂದು ಸಾಲನ್ನು ತಿದ್ದುವ ಕೆಲಸವೆಂದು ಜನ ಭಾವಿಸುತ್ತಾರೆ, ಆದರೆ ಅಲ್ಲಿ ಇಡೀ ವಹಿಯೇ ಬದಲಾಗುತ್ತದೆ. ಆ ಬದಲಾವಣೆ ಹರಡಿದ ಮೇಲೆ ನಿಮ್ಮ ಡೊಮೈನಿನ ಕುರಿತ ಪ್ರತಿಯೊಂದು ಪ್ರಶ್ನೆಗೂ ಹೊಸ ಕಂಪನಿಯ ವಹಿಯಿಂದಲೇ ಉತ್ತರ ಹೋಗುತ್ತದೆ, ಮತ್ತು ಆ ವಹಿಯನ್ನು ಸಾಮಾನ್ಯವಾಗಿ ಅವರ ಯಂತ್ರವೇ ತಾನಾಗಿ ಬರೆದಿರುತ್ತದೆ. ಎ ರೆಕಾರ್ಡಿನಲ್ಲಿ ಅವರ ಸರ್ವರಿನ ವಿಳಾಸವಿರುತ್ತದೆ, ಎಂಎಕ್ಸ್‌ನಲ್ಲಿಯೂ ಹೆಚ್ಚಾಗಿ ಅವರದೇ ಸರ್ವರ್ ಇರುತ್ತದೆ. ನಿಮ್ಮ ಮೇಲ್ ಗೂಗಲ್ ವರ್ಕ್‌ಸ್ಪೇಸಿನಲ್ಲಿದೆಯೋ, ಮೈಕ್ರೋಸಾಫ್ಟ್ 365ರಲ್ಲಿದೆಯೋ, ಹಳೆಯ ಹೋಸ್ಟಿಂಗಿನಲ್ಲಿಯೇ ಇದೆಯೋ ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ. ಹಳೆಯ ರೆಕಾರ್ಡುಗಳು ತಾವಾಗಿಯೇ ಹೊಸ ಕಡೆಗೆ ಬರುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. ಕೆಲವು ಸೇವೆಗಳು ಹಳೆಯದನ್ನು ಓದಿ ಆಮದು ಮಾಡಿಕೊಳ್ಳುವುದುಂಟು, ಆದರೆ ಆ ಪಟ್ಟಿಯನ್ನು ಕಣ್ಣಾರೆ ನೋಡಿ ಹೋಲಿಸದೆ ಒಪ್ಪಿಕೊಳ್ಳಬಾರದು.

ಆದ್ದರಿಂದ ಸೈಟನ್ನಷ್ಟೇ ಸಾಗಿಸುವವರು ನೇಮ್‌ಸರ್ವರಿನ ಗೊಡವೆಗೆ ಹೋಗದೆ, ಈಗ ಡಿಎನ್‌ಎಸ್ ಇರುವ ಕಡೆಯಲ್ಲಿಯೇ ಎ ರೆಕಾರ್ಡನ್ನು, ಇದ್ದರೆ ಹೊಸ ಮಾದರಿಯ ವಿಳಾಸವಾದ ಐಪಿವಿ6ರ ಎಎಎಎ ರೆಕಾರ್ಡನ್ನೂ ಬದಲಿಸಿದರೆ ಸಾಕು. ಹೊಸ ಕಂಪನಿಯವರನ್ನು ಕೇಳಿ ಅವರ ಸರ್ವರಿನ ಐಪಿ ವಿಳಾಸವನ್ನು (ಅದನ್ನು ಗುರುತಿಸುವ ಸಂಖ್ಯೆಯನ್ನು) ಪಡೆಯಿರಿ. ಕೊಡಲು ಅವರು ಹಿಂಜರಿದರೂ ಬಿಡದೆ ಕೇಳಿ, ಏಕೆಂದರೆ ಸಾಮಾನ್ಯ ಹೋಸ್ಟಿಂಗಿನಲ್ಲಿ ಅದನ್ನು ಮುಚ್ಚಿಡಲು ಕಾರಣವೇ ಇಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಳೆಯ ಹೋಸ್ಟಿಂಗಿನಲ್ಲಿಯೇ ಮೇಲ್ ಇಟ್ಟುಕೊಂಡ ಅನೇಕರ ಎಂಎಕ್ಸ್ ರೆಕಾರ್ಡ್ ಬೇರೊಂದು ಸರ್ವರನ್ನು ಹೆಸರಿಸುವ ಬದಲು ಆ ಡೊಮೈನಿನ ಹೆಸರನ್ನೇ ತೋರಿಸುತ್ತಿರುತ್ತದೆ. ಆಗ ಎ ರೆಕಾರ್ಡ್ ಬದಲಾದೊಡನೆ ಮೇಲ್ ಕೂಡ ಅದರ ಹಿಂದೆ ಹೊಸ ಸರ್ವರಿಗೆ ಹೋಗಿಬಿಡುತ್ತದೆ. ಮೊದಲು ಡೊಮೈನ್ ಹೆಸರಿನ ಮುಂದೆ mail ಎಂದು ಸೇರಿಸಿದ ಉಪಹೆಸರಿಗೆ ಹಳೆಯ ಐಪಿಯ ಪ್ರತ್ಯೇಕ ಎ ರೆಕಾರ್ಡ್ ಮಾಡಿ, ಎಂಎಕ್ಸನ್ನು ಅದರತ್ತ ತಿರುಗಿಸಿ, ಆಮೇಲೆ ಸೈಟಿನ ವಿಳಾಸವನ್ನು ಮುಟ್ಟಬೇಕು. ಆ ಉಪಹೆಸರನ್ನು ಸಿನೇಮ್ ಆಗಿ, ಅಂದರೆ ಇನ್ನೊಂದು ಹೆಸರಿನತ್ತ ತೋರಿಸುವ ರೆಕಾರ್ಡ್ ಆಗಿ, ಮಾಡಬಾರದು; ಎಂಎಕ್ಸ್ ತೋರಿಸುವ ಹೆಸರು ಸಿನೇಮ್ ಆಗಿರಬಾರದೆಂಬುದು ಡಿಎನ್‌ಎಸ್‌ನ ನಿಯಮ.

ಡಿಎನ್‌ಎಸ್ ಕೂಡ ಹಳೆಯ ಹೋಸ್ಟಿಂಗಿನವರ ಕೈಯಲ್ಲಿದ್ದು, ಅವರನ್ನು ಪೂರ್ತಿ ಬಿಡುವುದಾದರೆ ನೇಮ್‌ಸರ್ವರ್ ಬದಲಿಸದೆ ವಿಧಿಯಿಲ್ಲ. ಆಗ ಹಳೆಯ ಕಂಟ್ರೋಲ್ ಪ್ಯಾನೆಲಿನಿಂದ ಎಲ್ಲ ರೆಕಾರ್ಡುಗಳನ್ನೂ ಮೊದಲೇ ಹೊಸ ಕಡೆಗೆ ನಕಲು ಮಾಡಿ ಹೋಲಿಸಿ ನೋಡಿ, ಕೊನೆಯಲ್ಲಷ್ಟೇ ನೇಮ್‌ಸರ್ವರ್ ಬದಲಿಸಬೇಕು. ಎಂಎಕ್ಸ್ ಒಂದನ್ನೇ ನಕಲು ಮಾಡಿ ನಿಶ್ಚಿಂತರಾದವರಿಗೆ ಮೇಲ್ ಬರುತ್ತದೆ, ಆದರೆ ಅವರು ಕಳುಹಿಸಿದ್ದು ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗುತ್ತದೆ, ಏಕೆಂದರೆ ಪತ್ರ ನಿಜವಾಗಿಯೂ ಆ ಡೊಮೈನಿನದೇ ಎಂದು ಪರಿಶೀಲಿಸಲು ನೆರವಾಗುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ರೆಕಾರ್ಡುಗಳು ಹಿಂದೆಯೇ ಉಳಿದಿರುತ್ತವೆ. ಡಿಕಿಮ್ ಕೀಲಿಯ ಹೆಸರನ್ನು ಹೊರಗಿನಿಂದ ಹುಡುಕಿ ಪಟ್ಟಿ ಮಾಡಲು ಸಾಧ್ಯವಿಲ್ಲ. ಹಳೆಯ ಪ್ಯಾನೆಲ್ ಕೈಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಎಸ್‌ಪಿಎಫ್ ರೆಕಾರ್ಡ್ ಒಂದು ಹೆಸರಿಗೆ ಒಂದೇ ಇರಬೇಕು. ಹಳೆಯದರ ಪಕ್ಕದಲ್ಲಿ ಹೊಸ ಕಂಪನಿಯದನ್ನೂ ಸೇರಿಸಿದರೆ ಪರೀಕ್ಷೆಯೇ ದೋಷದಲ್ಲಿ ಕೊನೆಗೊಳ್ಳುತ್ತದೆ.

"ಎರಡು ದಿನ ಕಾಯಿರಿ, ಎಲ್ಲವೂ ಸರಿಹೋಗುತ್ತದೆ" ಎಂಬ ಸಲಹೆಯ ಬಗ್ಗೆಯೂ ಹೇಳಲೇಬೇಕು. ಡಾಟ್ ಕಾಮ್ ಡೊಮೈನುಗಳ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಪಡೆದ ಉತ್ತರವನ್ನು ಇತರ ಸರ್ವರುಗಳು ನೆನಪಿಟ್ಟುಕೊಳ್ಳುವ ಅವಧಿ) 1,72,800 ಸೆಕೆಂಡು, ಅಂದರೆ ಎರಡು ದಿನ, ಎಂಬುದು ನಿಜ. ಆದರೆ ಅಷ್ಟು ಹೊತ್ತು ಕಾದರೆ ಸರಿಯಾದ ರೆಕಾರ್ಡ್ ಎಲ್ಲೆಡೆ ಹರಡುವಂತೆಯೇ ತಪ್ಪು ರೆಕಾರ್ಡ್ ಕೂಡ ಹರಡುತ್ತದೆ. ಮೇಲ್ ಸರ್ವರ್ ಉತ್ತರಿಸದಿದ್ದರೆ ಕಳುಹಿಸುವ ಸರ್ವರ್ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೊಸ ಸರ್ವರ್ "ಇಂಥ ವಿಳಾಸ ಇಲ್ಲಿಲ್ಲ" ಎಂದು 550 ಸಂಖ್ಯೆಯ ಉತ್ತರ ಕೊಟ್ಟರೆ ಮಾತ್ರ ಪತ್ರ ಆ ಕೂಡಲೇ ಕಳುಹಿಸಿದವರಿಗೆ ಮರಳುತ್ತದೆ, ಮರುಪ್ರಯತ್ನ ಇರುವುದಿಲ್ಲ. ಸಮಸ್ಯೆ ಕಂಡ ಗಳಿಗೆಯಲ್ಲಿಯೇ ಎಂಎಕ್ಸ್ ಪರೀಕ್ಷಿಸಿ.

ಮರಳಿ ಹೋದ ಪತ್ರ ಕಳುಹಿಸಿದವರಿಗಾದರೂ ತಿಳಿಯುತ್ತದೆ. ಮರಳದೆ ಮರೆಯಾಗುವುದು ಇನ್ನೂ ಕೆಟ್ಟದ್ದು. ಒಂದು ಪುಟ್ಟ ಅನುವಾದ ಸಂಸ್ಥೆಯವರು ರೆಕಾರ್ಡುಗಳನ್ನೆಲ್ಲ ಸರಿಯಾಗಿಯೇ ಇಟ್ಟುಕೊಂಡಿದ್ದರು, ಹೊರಗಿನ ಮೇಲ್ ಎಲ್ಲವೂ ಬರುತ್ತಿತ್ತು, ಆದರೆ ಸೈಟಿನ ಸಂಪರ್ಕ ಫಾರ್ಮಿನಿಂದ ಒಂದೂ ವಿಚಾರಣೆ ಬರುತ್ತಿರಲಿಲ್ಲ. ವ್ಯವಹಾರವೇ ಕುಸಿದಿದೆ ಎಂದು ಅವರು ಕಂಗಾಲಾಗಿದ್ದರು. ಹೊಸ ಸರ್ವರ್ ಆ ಡೊಮೈನಿನ ಮೇಲ್ ತನ್ನಲ್ಲಿಯೇ ಇದೆ ಎಂದು ತಿಳಿದು, ಎಂಎಕ್ಸನ್ನು ನೋಡದೆಯೇ, ಫಾರ್ಮಿನ ಪತ್ರಗಳನ್ನು ತನ್ನೊಳಗಿನ ಪೆಟ್ಟಿಗೆಯೊಂದಕ್ಕೆ ಹಾಕುತ್ತಿತ್ತು. ಹೋಸ್ಟಿಂಗಿನ ಕಂಟ್ರೋಲ್ ಪ್ಯಾನೆಲಾದ ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ಎಂಬ ಕಡೆ ರಿಮೋಟ್ ಮೇಲ್ ಎಕ್ಸ್‌ಚೇಂಜರ್ ಎಂದು ಆರಿಸಿದ ಮೇಲೆ ಪತ್ರಗಳು ಬರತೊಡಗಿದವು. ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ವಿಚಾರಣೆಗಳಿಗೆ ಅವರು ಒಂದೊಂದಾಗಿ ಕ್ಷಮೆ ಕೇಳಿ ಉತ್ತರ ಬರೆದದ್ದನ್ನು ಕಂಡು ಸಂಕಟವಾಯಿತು.

ಹಳೆಯ ಖಾತೆಯನ್ನು ಮುಚ್ಚಲು ಆತುರಪಡಬಾರದು. ಮೇಲ್ ಅಲ್ಲಿಯೇ ಇದ್ದರೆ ಖಾತೆಯೊಂದಿಗೆ ವರ್ಷಗಳ ಪತ್ರಗಳೂ ಅಳಿಸಿಹೋಗಬಹುದು. ಮೇಲನ್ನೂ ಸಾಗಿಸುವುದಾದರೆ ಐಮ್ಯಾಪ್ (ಸರ್ವರಿನಲ್ಲಿರುವ ಮೇಲ್ ಓದುವ ವಿಧಾನ) ಮೂಲಕ ಎಲ್ಲ ಫೋಲ್ಡರುಗಳನ್ನೂ ನಕಲು ಮಾಡಿಕೊಳ್ಳಬೇಕು. ಬೇರೊಂದು ಸೇವೆಯ ವಿಳಾಸದಿಂದ ನಿಮಗೆ ಒಂದು ಪತ್ರ ಕಳುಹಿಸಿ, ಅದಕ್ಕೆ ಉತ್ತರಿಸಿ, ಆ ಉತ್ತರದ ಹೆಡರಿನಲ್ಲಿ, ಅಂದರೆ ಪತ್ರದ ಜೊತೆಗಿರುವ ತಾಂತ್ರಿಕ ವಿವರಗಳಲ್ಲಿ, ಎಸ್‌ಪಿಎಫ್ ಮತ್ತು ಡಿಕಿಮ್ ಎರಡರ ಮುಂದೆಯೂ ಪಾಸ್ ಎಂದಿರುವುದನ್ನು ನೋಡಿ, ಫಾರ್ಮಿನಿಂದಲೂ ಒಂದು ಪತ್ರ ಬಂದುದನ್ನು ಖಚಿತಪಡಿಸಿಕೊಂಡು, ಹಳೆಯ ಪೆಟ್ಟಿಗೆಗೆ ಹೊಸ ಪತ್ರ ಬರುವುದು ಪೂರ್ತಿ ನಿಂತಿದೆಯೇ ಎಂದು ಕೆಲವು ದಿನ ಗಮನಿಸಿ, ಆಮೇಲೆ ಹಳೆಯ ಹೋಸ್ಟಿಂಗನ್ನು ರದ್ದುಮಾಡಿ.