ಹಾಜರಿ ಪುಸ್ತಕವೇ ಇಲ್ಲಿ ಕ್ಯಾಷ್ ಬುಕ್ಕು

ಹಾಸನದಲ್ಲಿರುವ ನನ್ನ ಸೋದರಮಾವ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ನೀನು ಲೆಕ್ಕ ಬರೆಯೋ ಶಾಲೆಗಳು ಸರ್ಕಾರದ್ದೋ, ಪ್ರೈವೇಟೋ?" ಎರಡೂ ಹೌದು ಅಂದರೆ ಅವರಿಗೆ ಸಮಾಧಾನವಿಲ್ಲ. ಮಾವ ಅನುದಾನಿತ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಹಾಗಾಗಿ ಒಂದು ದಿನ, "ನಿಮ್ಮ ಏಡೆಡ್ ಸ್ಕೂಲಿನ ದೂರದ ನೆಂಟ ಅಂದುಕೊಳ್ಳಿ ಮಾವ" ಎಂದೆ. ಈ ನೆಂಟಸ್ತನ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಬಿಡಿಸಿ ಹೇಳಲು ಅರ್ಧ ಗಂಟೆ ಬೇಕಾಯಿತು.

ನಾನು ಲೆಕ್ಕ ಬರೆಯುವುದು ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಗಳಿಗೆ, ಅಂದರೆ ಸರ್ಕಾರದ ದುಡ್ಡಿನಲ್ಲಿ ಸ್ವಂತ ಆಡಳಿತ ಮಂಡಳಿ ನಡೆಸುವ ಶಾಲೆಗಳಿಗೆ. ಅಮೆರಿಕದ ಮೊದಲ ಚಾರ್ಟರ್ ಶಾಲೆ ಕಾಯ್ದೆ 1991ರಲ್ಲಿ ಮಿನ್ನೆಸೋಟದಲ್ಲಿ ಬಂತು, ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯದು. ಚಾರ್ಟರ್ ಅಂದರೆ ಒಂದು ರೀತಿಯ ಸನ್ನದು. ನಾಲ್ಕು ಜನ ಸೇರಿ ಒಂದು ಆಡಳಿತ ಮಂಡಳಿ ಕಟ್ಟಿಕೊಂಡು, ಏನು ಕಲಿಸುತ್ತೇವೆ, ಹೇಗೆ ನಡೆಸುತ್ತೇವೆ ಎಂದು ಬರೆದು, ಸಾಮಾನ್ಯವಾಗಿ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನಿಂದ ಒಪ್ಪಿಗೆ ಪಡೆಯುತ್ತಾರೆ. ಹೊಸ ಶಾಲೆಗೆ ಹೆಚ್ಚೆಂದರೆ 5 ವರ್ಷಕ್ಕೆ ಸನ್ನದು. ಫೀಸು ತೆಗೆದುಕೊಳ್ಳುವಂತಿಲ್ಲ, ಧರ್ಮ ಬೋಧಿಸುವಂತಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರೆದುರು ಚೀಟಿ ಎತ್ತಬೇಕು. ಡೊನೇಷನ್ನಿನ ಮಾತಂತೂ ಇಲ್ಲವೇ ಇಲ್ಲ.

ಇಷ್ಟು ಕೇಳಿ ಮಾವ, "ನಮ್ಮದೂ ಹೆಚ್ಚುಕಡಿಮೆ ಹಾಗೇ ಅಲ್ವಾ?" ಎಂದರು. ಅಲ್ಲ. ನಮ್ಮಲ್ಲಿ ಅನುದಾನ ಅಂದರೆ ಮುಖ್ಯವಾಗಿ ಮಂಜೂರಾದ ಹುದ್ದೆಯ ಸಂಬಳ. ಮೇಷ್ಟ್ರ ಕುರ್ಚಿಗೆ ದುಡ್ಡು. ಇಲ್ಲಿ ಮಗುವಿನ ಬೆಂಚಿಗೆ ದುಡ್ಡು. ಅದೂ ಮಗು ಬಂದು ಕೂತ ದಿನಕ್ಕೆ ಮಾತ್ರ.

ಇಲ್ಲಿನ ಲೆಕ್ಕವನ್ನು ಸರಾಸರಿ ದೈನಿಕ ಹಾಜರಿ ಎನ್ನುತ್ತಾರೆ. ಮಕ್ಕಳು ಬಂದ ದಿನಗಳನ್ನೆಲ್ಲ ಕೂಡಿ, ಶಾಲೆ ನಡೆದ ದಿನಗಳಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 300 ಮಕ್ಕಳ ಶಾಲೆಯಲ್ಲಿ ಹಾಜರಿ ಶೇ. 95 ಇದ್ದರೆ 285 ಮಕ್ಕಳಿಗೆ ದುಡ್ಡು ಬರುತ್ತದೆ. ಶೇ. 92ಕ್ಕೆ ಇಳಿದರೆ 276ಕ್ಕೆ. 2023-24ರಲ್ಲಿ 4ರಿಂದ 6ನೇ ತರಗತಿಯ ಮೂಲ ದರ ತಲೆಗೆ 10,069 ಡಾಲರ್ ಇತ್ತು. ಆ 9 ತಲೆ ಅಂದರೆ 90 ಸಾವಿರ ಡಾಲರಿಗೂ ಮೇಲೆ. ಒಬ್ಬ ಟೀಚರ ಸಂಬಳ ಹೋಯಿತು ಅಂದುಕೊಳ್ಳಿ. ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಸಾಕು ಮನೆಗಳಲ್ಲಿರುವ ಮಕ್ಕಳು ಇದ್ದರೆ ಮೂಲ ದರದ ಮೇಲೆ ಶೇ. 20 ಸೇರುತ್ತದೆ. ಹಾಗಾಗಿ ಅವರಿರುವ ಶಾಲೆಗೆ ಹಾಜರಿ ಇಳಿದರೆ ಪೆಟ್ಟೂ ಜಾಸ್ತಿ.

ಜ್ವರ ಬಂತು, ಡಾಕ್ಟರ ಚೀಟಿ ಇದೆ ಅಂದರೂ ಆ ದಿನದ ದುಡ್ಡು ಬರುವುದಿಲ್ಲ. ಹಿಂದೆ ಬರುತ್ತಿತ್ತು, 1998ರಿಂದ ನಿಂತಿತು. ಮಾಮೂಲಿ ಡಿಸ್ಟ್ರಿಕ್ಟ್ ಶಾಲೆಗಳಿಗೆ ಒಂದು ಆಸರೆ ಇದೆ. ಈ ವರ್ಷ ಹಾಜರಿ ಬಿದ್ದರೆ ಹೋದ ವರ್ಷದ್ದನ್ನೋ, ಹಿಂದಿನ ಮೂರು ವರ್ಷದ ಸರಾಸರಿಯನ್ನೋ ತೋರಿಸಬಹುದು. ಚಾರ್ಟರ್ ಶಾಲೆಗೆ ಅದಿಲ್ಲ. ಈ ವರ್ಷ ಬಂದವರು ಎಷ್ಟೋ ಅಷ್ಟೇ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೆ ಬಜೆಟ್ ಮಾಡುವಾಗ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ಇನ್ನು ಆಡಿಟ್. ಒಮ್ಮೆ ಒಂದು ಶಾಲೆಯಲ್ಲಿ ಮಕ್ಕಳು ಬಂದಿದ್ದರು, ಪಾಠವೂ ನಡೆದಿತ್ತು. ಆದರೆ ಒಬ್ಬ ಟೀಚರು ಕೆಲವು ವಾರ ಹಾಜರಿ ಹಾಳೆಗೆ ಸಹಿ ಹಾಕಿರಲಿಲ್ಲ. ಆಡಿಟರು ಅಷ್ಟೂ ದಿನಗಳನ್ನು ಕಳೆದರು. "ಈಗ ಹಾಕಿಸಿಕೊಡ್ತೀವಿ ಸಾರ್" ಎಂದು ಆಫೀಸಿನವರು ಅಂಗಲಾಚಿದರು. ತಡವಾಗಿ ಹಾಕಿದ ಸಹಿ ಇಲ್ಲದ ಸಹಿಗಿಂತ ಕೆಟ್ಟದ್ದು ಎಂದು ನಾನೇ ಬೇಡ ಅಂದೆ.

ಇಷ್ಟು ಬಿಗಿ ಯಾಕೆ ಅಂತ ಕೇಳುವವರಿಗೆ ಎ3 ಎಜುಕೇಷನ್ ಪ್ರಕರಣ ನೆನಪಿಸುತ್ತೇನೆ. 2019ರಲ್ಲಿ ಸ್ಯಾನ್ ಡಿಯಾಗೊದಲ್ಲಿ 11 ಜನರ ಮೇಲೆ ಆರೋಪ ಬಂತು. ಬೇಸಿಗೆಯಲ್ಲಿ ಆಟದ ತರಬೇತಿಗೆ ಬಂದ ಮಕ್ಕಳ ಹೆಸರನ್ನೆಲ್ಲ ಆನ್‌ಲೈನ್ ಚಾರ್ಟರ್ ಶಾಲೆಗಳ ದಾಖಲಾತಿಗೆ ಸೇರಿಸಿ ರಾಜ್ಯದಿಂದ ಹಣ ಎತ್ತಿದ್ದರು. ಮುಖ್ಯಸ್ಥರಿಬ್ಬರು 2021ರಲ್ಲಿ ತಪ್ಪೊಪ್ಪಿಕೊಂಡರು. ಕಾಗದದ ಮೇಲಿನ ಮಕ್ಕಳು, ಕಾಗದದ ಮೇಲಿನ ಶಾಲೆ. ನಮ್ಮ ಕಡೆಯವರಿಗೆ ಇದೇನೂ ಹೊಸ ಕಥೆಯಲ್ಲ ಬಿಡಿ.

ಕೇಂದ್ರ ಸರ್ಕಾರದ ಹಣದ ದಾರಿ ಬೇರೆ. 1994ರಲ್ಲಿ ಶುರುವಾದ ಚಾರ್ಟರ್ ಸ್ಕೂಲ್ಸ್ ಪ್ರೋಗ್ರಾಂ ಹೊಸ ಶಾಲೆ ತೆರೆಯಲು, ಬೆಳೆಸಲು ದುಡ್ಡು ಕೊಡುತ್ತದೆ. ವರ್ಷವರ್ಷದ ಖರ್ಚು ನಡೆಸಲು ಅಲ್ಲ. ಅದರ ಜೊತೆ ಕಾಗದಗಳೂ ಬರುತ್ತವೆ. ಕಾಯ್ದೆ, ಅದರ ಕೆಳಗೆ ನಿಯಮ, ಅದರ ಕೆಳಗೆ ಮಾರ್ಗಸೂಚಿ. ಮೂರನ್ನೂ ಒಂದೇ ಫೈಲಿಗೆ ಹಾಕಿ ಎಲ್ಲದಕ್ಕೂ ಹೆದರುವ ಮಂಡಳಿಗಳಿವೆ, ಎಲ್ಲವನ್ನೂ "ಸುಮ್ನೆ ಸುತ್ತೋಲೆ" ಅನ್ನುವ ಮಂಡಳಿಗಳೂ ಇವೆ. ಇಬ್ಬರೂ ಕೈ ಸುಟ್ಟುಕೊಳ್ಳುತ್ತಾರೆ. ಮಾರ್ಗಸೂಚಿ ತಾನಾಗಿ ಹೊಸ ಕಟ್ಟಳೆ ಹೇರುವುದಿಲ್ಲ, ಕಾಯ್ದೆಯನ್ನು ಕೇಂದ್ರದ ಶಿಕ್ಷಣ ಇಲಾಖೆ ಹೇಗೆ ಓದುತ್ತದೆ ಎಂದು ಹೇಳುತ್ತದೆ. 2014ರ ಮಾರ್ಗಸೂಚಿಯನ್ನೇ ನೋಡಿ. ರಾಜ್ಯದ ಕಾನೂನು ಒಪ್ಪುವುದಾದರೆ ಶೈಕ್ಷಣಿಕವಾಗಿ ಹಿಂದುಳಿದ ಮಕ್ಕಳಿಗೆ ಚೀಟಿ ಎತ್ತುವಾಗ ಹೆಚ್ಚಿನ ಅವಕಾಶ ಕೊಡಬಹುದು ಎಂದಿತು. 'ಬೇಕು' ಅಲ್ಲ, 'ಬಹುದು'. ಮಾರ್ಗಸೂಚಿ ಬಿಟ್ಟು ಬೇರೆ ದಾರಿ ಹಿಡಿದರೆ ಕಾರಣವನ್ನು ಮಂಡಳಿಯ ನಡಾವಳಿಯಲ್ಲಿ ಅಂದೇ ಬರೆದಿಡಿ. ಮೂರು ವರ್ಷ ಕಳೆದು ಕೇಳಿದಾಗ ಯಾರಿಗೂ ನೆನಪಿರುವುದಿಲ್ಲ.

ಇಲ್ಲಿ ಮಕ್ಕಳನ್ನು ಚಾರ್ಟರ್ ಶಾಲೆಗೆ ಸೇರಿಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ವರ್ಷದ ಅನುದಾನ ನಿರ್ಧಾರವಾಗುವುದು ಏಪ್ರಿಲ್ ಮಧ್ಯದವರೆಗಿನ ಹಾಜರಿಯ ಮೇಲೆ. ನಾವೆಲ್ಲ ಊರಿಗೆ ಹೋಗುವುದು ಡಿಸೆಂಬರಿನಲ್ಲಿ. ಕ್ರಿಸ್‌ಮಸ್ ರಜೆಗೆ ಹಿಂದೆ ಮುಂದೆ ಸೇರಿಸಿ 13 ಶಾಲಾ ದಿನ ತಪ್ಪಿಸಿದರೆ, ಅಲ್ಲಿಯವರೆಗೆ 130 ದಿನ ನಡೆದ ಶಾಲೆಯಲ್ಲಿ ನಿಮ್ಮ ಮಗುವಿನ ಹತ್ತನೇ ಒಂದು ಪಾಲು ಹೋಯಿತು. ಸುಮಾರು ಸಾವಿರ ಡಾಲರ್. ಇದಕ್ಕೊಂದು ದಾರಿಯೂ ಇದೆ, ಸ್ವತಂತ್ರ ಅಧ್ಯಯನದ ಒಪ್ಪಂದ ಅಂತ. ಮಗು ಅಜ್ಜಿ ಮನೆಯಲ್ಲಿ ಕೂತು ಕೊಟ್ಟ ಪಾಠ ಮುಗಿಸಿ ತಂದರೆ ಆ ದಿನಗಳನ್ನು ಶಾಲೆ ಲೆಕ್ಕಕ್ಕೆ ಹಿಡಿಯಬಹುದು. ಎಲ್ಲ ಶಾಲೆಯಲ್ಲೂ ಈ ಏರ್ಪಾಡು ಇರುವುದಿಲ್ಲ. ಟಿಕೆಟ್ ಬುಕ್ ಮಾಡಿದ ವಾರವೇ ಆಫೀಸಿಗೆ ಹೋಗಿ ಫಾರಂ ಇದೆಯಾ ಕೇಳಿ. ಏರ್‌ಪೋರ್ಟಿನಿಂದ ಇಮೇಲ್ ಹಾಕಬೇಡಿ.