ಹಕ್ಕಾ ನೂಡಲ್ಸ್‌ನ ಹಕ್ಕಾ ಯಾರು?

ಪ್ರಶ್ನೆ: ಹೋಟೆಲ್ ಮೆನುಗಳಲ್ಲಿ ‘ಹಕ್ಕಾ ನೂಡಲ್ಸ್’ ಎಂದಿರುತ್ತದೆ. ಹಕ್ಕಾ ಎಂದರೆ ಊರೋ, ಜನಾಂಗವೋ? ಅವರೂ ಚೀನೀಯರೇ ಆದರೆ ಬೇರೆ ಹೆಸರೇಕೆ? ಚೀನಾ ಬಿಟ್ಟು ನಾಲ್ಕೈದು ತಲೆಮಾರು ಕಳೆದ ಮೇಲೂ ತಮ್ಮನ್ನು ಹಕ್ಕಾ ಎಂದೇ ಹೇಳಿಕೊಳ್ಳುತ್ತಾರಂತೆ, ನಿಜವೇ?

ಉತ್ತರ: ಮೊದಲು ನೂಡಲ್ಸ್ ವಿಷಯ ಮುಗಿಸಿಬಿಡೋಣ. ಎಲೆಕೋಸು, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿ ಉದ್ದುದ್ದ ಹೆಚ್ಚಿ, ಸೋಯಾ ಸಾಸ್, ವಿನೆಗರ್ ಸುರಿದು, ಜೋರು ಉರಿಯಲ್ಲಿ ಬಾಣಲೆ ಕುಣಿಸಿ ಮಾಡುವ ನಮ್ಮ ಹಕ್ಕಾ ನೂಡಲ್ಸ್ ಕಲ್ಕತ್ತೆಯ ಚೀನೀಯರ ಕೈಯಡುಗೆಯಿಂದ ಬೆಳೆದದ್ದು. ಹಕ್ಕಾ ಜನರ ತವರು ಎನ್ನುವ ಗ್ವಾಂಗ್‌ಡಾಂಗ್ ಪ್ರಾಂತ್ಯದ ಮೇಯ್‌ಝೌ ಕಡೆ ಬೆಳಗಿನ ತಿಂಡಿಗೆ ಸಿಗುವ ನೂಡಲ್ಸೇ ಬೇರೆ. ಬೇಯಿಸಿ ಬಸಿದ ಎಳೆಗಳಿಗೆ ಹಂದಿಯ ಕೊಬ್ಬು ಮತ್ತು ಹುರಿದ ಬೆಳ್ಳುಳ್ಳಿ ಕಲಸಿ ಕೊಡುತ್ತಾರೆ, ಪಕ್ಕದಲ್ಲಿ ಒಂದು ಬಟ್ಟಲು ಬಿಸಿ ಸೂಪು. ಹಾಗಾಗಿ ನಮ್ಮ ಮೆನುವಿನ ‘ಹಕ್ಕಾ’ ಎನ್ನುವುದು ಬಡಿಸಿದವರ ಹೆಸರು, ತಿನಿಸಿನದಲ್ಲ.

ಆ ಹೆಸರಿಗೊಂದು ಕಥೆಯಿದೆ. ‘ಹಕ್’ ಎಂದರೆ ಅತಿಥಿ, ‘ಕಾ’ ಎಂದರೆ ಮನೆತನ. ಅತಿಥಿ ಎಂದೊಡನೆ ನಮಗೆ ಎಲೆ ಹಾಕಿ ಬಡಿಸುವುದು ನೆನಪಾಗುತ್ತದೆ. ದಕ್ಷಿಣ ಚೀನಾದಲ್ಲಿ ಅದರ ಧಾಟಿ ‘ಎಲ್ಲಿಂದಲೋ ಬಂದು ಸೇರಿಕೊಂಡವರು’ ಎಂಬಂತಿತ್ತು. 17ನೇ ಶತಮಾನದಲ್ಲಿ ಚಿಂಗ್ ಅರಸರು ತೈವಾನ್ ಕಡೆಯ ಬಂಡುಕೋರರಿಗೆ ನೆರವು ಸಿಗಬಾರದೆಂದು ಕರಾವಳಿಯ ಹಳ್ಳಿಗಳನ್ನೇ ಖಾಲಿ ಮಾಡಿಸಿದ್ದರು. ಆಜ್ಞೆ ಸಡಿಲವಾದ ಮೇಲೆ ಪಾಳುಬಿದ್ದ ಹೊಲ ಉಳಲು ಬೆಟ್ಟದ ಸೀಮೆಯಿಂದ ಇಳಿದು ಬಂದವರಲ್ಲಿ ಇವರೇ ಹೆಚ್ಚು. ಮೊದಲಿಂದ ಇದ್ದವರು ತಮ್ಮನ್ನು ‘ಪುಂಟಿ’, ಅಂದರೆ ಈ ನೆಲದವರು, ಎಂದುಕೊಂಡರು. ಬಂದವರು ‘ಹಕ್ಕಾ’ ಆದರು. 1855ರಿಂದ 1867ರವರೆಗೆ ಎರಡೂ ಕಡೆಯವರು ಹಳ್ಳಿ ಹಳ್ಳಿಗೆ ಬೆಂಕಿಯಿಟ್ಟು ಹೊಡೆದಾಡಿದರು, ಲಕ್ಷಗಟ್ಟಲೆ ಜನ ಸತ್ತರು. ಬೇರೆಯವರು ಇಟ್ಟ ಹೆಸರನ್ನು ಅವರೇ ಎತ್ತಿ ಹಿಡಿಯಲು ಶುರುಮಾಡಿದ್ದು ಇಂಥ ಏಟು ತಿಂದ ಮೇಲೆ.

ತಾವು ಉತ್ತರ ಚೀನಾದ ಬಯಲಿನಿಂದ ಬಂದ ಅಪ್ಪಟ ಹಾನ್ ಜನ, ಅಂದರೆ ಚೀನಾದ ಬಹುಸಂಖ್ಯಾತ ಜನಾಂಗದವರು, ಎಂಬುದು ಹಕ್ಕಾಗಳ ಹೆಮ್ಮೆ. ಲುವೋ ಶಿಯಾಂಗ್‌ಲಿನ್ ಎಂಬ ವಿದ್ವಾಂಸ 1933ರಲ್ಲಿ ಮನೆತನಗಳ ವಂಶಾವಳಿಗಳನ್ನು ಆಧರಿಸಿ ಐದು ವಲಸೆಗಳ ಲೆಕ್ಕ ಕೊಟ್ಟ. ವಂಶಾವಳಿಯನ್ನು ಪೂರ್ತಿ ನಂಬಲು ನನಗೆ ಸ್ವಲ್ಪ ಹಿಂಜರಿಕೆ. ನಮ್ಮಲ್ಲೂ ಮೂಲಪುರುಷ ಬಡವನಾಗಿದ್ದ ವಂಶಾವಳಿ ನೋಡಿದ ನೆನಪಿಲ್ಲ. ಬೆಟ್ಟದ ಶೆ ಬುಡಕಟ್ಟಿನವರೊಡನೆ ಅವರು ಬೆರೆತದ್ದಕ್ಕೆ ಭಾಷೆಯೇ ಸಾಕ್ಷಿ. ಪಾದ ಚಿಕ್ಕದಾಗಿರಲೆಂದು ಬಟ್ಟೆಯಿಂದ ಬಿಗಿದು ಕಟ್ಟುವ ಹಾನ್ ಹೆಂಗಸರ ಪದ್ಧತಿಯೂ ಇವರಲ್ಲಿ ಇರಲಿಲ್ಲ. ಕಾಲು ಕಟ್ಟಿಕೊಂಡು ಬೆಟ್ಟದ ಗದ್ದೆಯಲ್ಲಿ ನಾಟಿ ಮಾಡುವುದು ಹೇಗೆ?

ಭಾಷೆಯ ಮಾತು ಬಂದದ್ದರಿಂದ ಇನ್ನೊಂದು ಸ್ವಾರಸ್ಯ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ‘ಙ’ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಕ್ಕಾದಲ್ಲಿ ‘ನಾನು’ ಎನ್ನಲು ‘ಙಾಯ್’, ಪಕ್ಕದ ಕ್ಯಾಂಟನೀಸ್‌ನಲ್ಲಿ ‘ಙೋ’. ವಿಯೆಟ್ನಾಂ ಸರ್ಕಾರ ಗುರುತಿಸಿದ 54 ಜನಾಂಗಗಳಲ್ಲಿ ‘ಙಾಯ್’ ಎಂಬುದೂ ಒಂದು. ‘ನಾನು’ ಎಂದದ್ದೇ ಅಲ್ಲಿ ಕುಲದ ಹೆಸರಾಗಿದೆ. ಚೀನಾದ 56 ಜನಾಂಗಗಳ ಪಟ್ಟಿಯಲ್ಲಿ ಹಕ್ಕಾ ಇಲ್ಲ, ಅವರನ್ನು ಹಾನ್ ಲೆಕ್ಕಕ್ಕೇ ಸೇರಿಸಿದ್ದಾರೆ. ತೈವಾನ್ 2010ರ ಕಾನೂನಿನಲ್ಲಿ ಹಕ್ಕಾ ರಕ್ತ ಅಥವಾ ಮೂಲ ಇದ್ದು, ತಾನು ಹಕ್ಕಾ ಎಂದು ಸ್ವತಃ ಒಪ್ಪಿಕೊಂಡವರೇ ಹಕ್ಕಾ ಎಂದಿತು. ಜನಾಂಗವೇ ಎಂಬ ನಿಮ್ಮ ಪ್ರಶ್ನೆಗೆ ಮೂರು ದೇಶಗಳಲ್ಲಿ ಮೂರು ಉತ್ತರ. ನನ್ನ ಮಟ್ಟಿಗೆ ತೈವಾನ್ ಹೇಳಿದ್ದು ವಸ್ತುಸ್ಥಿತಿಗೆ ಹತ್ತಿರ.

ಇನ್ನು ಹಡಗು ಹತ್ತಿ ಹೋದವರು. ಮಾರಿಷಸ್‌ನ 25 ರೂಪಾಯಿ ನೋಟಿನಲ್ಲಿ ಸರ್ ಮೊಯ್ಲಿನ್ ಜಾನ್ ಆ-ಚುಯೆನ್ ಎಂಬ ಹಕ್ಕಾ ವ್ಯಾಪಾರಿಯ ಚಿತ್ರವಿದೆ. ಅವರು ಅಲ್ಲಿ ಮಂತ್ರಿಯೂ ಆಗಿದ್ದರು. ಅವರ ಮನೆತನದ ಹೆಸರು ನಿಜವಾಗಿ ‘ಚು’. ಹಾಗಾದರೆ ‘ಆ-ಚುಯೆನ್’ ಎಲ್ಲಿಂದ ಬಂತು? ದಕ್ಷಿಣ ಚೀನೀಯರು ಸಲುಗೆಯಿಂದ ಕರೆಯುವಾಗ ಹೆಸರಿನ ಮುಂದೆ ‘ಆ’ ಸೇರಿಸುತ್ತಾರೆ. ಹಾಗೆ ಕರೆದದ್ದನ್ನೇ ಗುಮಾಸ್ತರು ಸರ್‌ನೇಮ್ ಎಂದು ಬರೆದುಕೊಂಡರು, ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ನಿಂತಿತು. ಇನಿಷಿಯಲ್ ಬಿಡಿಸಿ ಬರೆಯಲು ಹೋಗಿ, ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ ಕೂತ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಸುರಿನಾಮ್‌ನ ಅಧ್ಯಕ್ಷರಾಗಿದ್ದ ಹೆಂಕ್ ಚಿನ್ ಆ ಸೆನ್ ಅವರ ಹೆಸರಿನಲ್ಲೂ ಅದೇ ‘ಆ’ ಇದೆ.

ಬೋರ್ನಿಯೊ ದ್ವೀಪದ ಉತ್ತರದಲ್ಲಿರುವ, ಈಗ ಮಲೇಷ್ಯಾಕ್ಕೆ ಸೇರಿದ ಸಬಾದ ಕಥೆಗೂ ನಮ್ಮ ಮಂಗಳೂರಿಗೂ ಒಂದು ನಂಟುಂಟು. 1834ರಲ್ಲಿ ಮಂಗಳೂರಿಗೆ ಬಂದು ಹೆಂಚಿನ ಕಾರ್ಖಾನೆ, ಅಚ್ಚುಕೂಟ ಹಾಕಿದ, ಕಿಟೆಲ್ ನಿಘಂಟಿನ ಹಿಂದಿದ್ದ ಅದೇ ಬಾಸೆಲ್ ಮಿಷನ್ 1847ರಲ್ಲಿ ಹ್ಯಾಂಬರ್ಗ್ ಮತ್ತು ಲೆಕ್ಲರ್ ಎಂಬಿಬ್ಬರನ್ನು ಹಾಂಗ್‌ಕಾಂಗ್‌ಗೆ ಕಳಿಸಿತು. ಇಲ್ಲಿ ಕನ್ನಡ, ತುಳು ಕಲಿತಂತೆ ಅಲ್ಲಿ ಹಕ್ಕಾ ಮಾತು ಕಲಿತು ರೋಮನ್ ಲಿಪಿಯಲ್ಲಿ ಬರೆದರು. 1880ರ ದಶಕದಲ್ಲಿ ಉತ್ತರ ಬೋರ್ನಿಯೊದ ಬ್ರಿಟಿಷ್ ಕಂಪನಿಗೆ ಬೇಸಾಯಗಾರರು ಬೇಕಾದಾಗ ಈ ಮಿಷನ್ ಮೂಲಕವೇ ಹಕ್ಕಾ ಕ್ರೈಸ್ತ ಕುಟುಂಬಗಳು ಹೊರಟವು. ಇಂದಿಗೂ ಸಬಾದಲ್ಲಿ ಬಾಸೆಲ್ ಹೆಸರಿನ ಚರ್ಚ್ ಇದೆ, ಹಕ್ಕಾದಲ್ಲಿ ಪ್ರಾರ್ಥನೆ ನಡೆಯುತ್ತದೆ.

ಕಲ್ಕತ್ತೆಗೆ ಬರೋಣ. ಅಲ್ಲಿನ ಚೀನೀಯರಲ್ಲಿ ಬಡಗಿ ಕೆಲಸ ಕ್ಯಾಂಟನೀಯರದು, ಹಲ್ಲು ಕಟ್ಟುವುದು ಹುಬೇ ಪ್ರಾಂತ್ಯದವರದು, ಚರ್ಮ ಮತ್ತು ಚಪ್ಪಲಿ ಹಕ್ಕಾಗಳದು. ಮೇಲ್ಜಾತಿಯವರು ಮೈಲಿಗೆಯೆಂದು ಮುಟ್ಟದಿದ್ದ ಚರ್ಮದ ಕಸುಬಿನಲ್ಲಿ ಹೊರಗಿನವರಿಗೆ ಜಾಗವಿತ್ತು. ಊರಾಚೆಯ ಟಾಂಗ್ರಾದ ಜವುಗು ನೆಲದಲ್ಲಿ ಅವರು ಹದ ಮಾಡುವ ತೊಟ್ಟಿಗಳನ್ನು ಕಟ್ಟಿದರು. ಕೆಳಗೆ ಕಾರ್ಖಾನೆ, ಅಲ್ಲೇ ಮನೆ. ಕೆಲಸದವರ ಜೊತೆ ಹಿಂದಿ, ಮನೆಯಲ್ಲಿ ಹಕ್ಕಾ. ಟಾಂಗ್ರಾದ ಕಾಳಿ ಗುಡಿಯಲ್ಲಿ ನೂಡಲ್ಸ್ ನೈವೇದ್ಯವಾಗುತ್ತದೆ. ಕ್ಯಾಂಟನೀಯ, ಹುಬೇ, ಹಕ್ಕಾ ಎಂಬ ಈ ಅಂತರ ಅವರಿಗೆ ಎಷ್ಟೇ ದೊಡ್ಡದಾದರೂ ಹೊರಗಿನವರಿಗೆ ಕಾಣುತ್ತಿರಲಿಲ್ಲ. 1962ರ ಯುದ್ಧವಾದಾಗ ಪೊಲೀಸರು ಅವರನ್ನು ಬರೀ ‘ಚೀನೀ’ ಎಂದೇ ಎಣಿಸಿದರು. ದೇಶದ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದರು, ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. 1996ರಲ್ಲಿ ಚರ್ಮದ ಕಾರ್ಖಾನೆಗಳೆಲ್ಲ ಊರ ಹೊರಗಿನ ಬಂತಲಾಕ್ಕೆ ಹೋಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಚರ್ಮದ ವಾಸನೆಯಿದ್ದ ಎಷ್ಟೋ ಕಟ್ಟಡಗಳು ರೆಸ್ಟೋರೆಂಟ್‌ಗಳಾದವು. ಮಕ್ಕಳು ಕೆನಡಾಕ್ಕೆ ಹೊರಟರು.

‘ಪೂರ್ವಜರ ಹೊಲ ಮಾರಿದರೂ ಪೂರ್ವಜರ ಮಾತು ಬಿಡಬೇಡ’ ಎಂಬುದು ಹಕ್ಕಾಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ಪಾಲಿಸುವುದು ಕಷ್ಟ. ಜಮೈಕಾದ ಹಕ್ಕಾ ಮೊಮ್ಮಕ್ಕಳು ಇಂಗ್ಲಿಷ್, ಮಾರಿಷಸ್‌ನವರು ಕ್ರಿಯೋಲ್ ಮತ್ತು ಫ್ರೆಂಚ್ ಆಡುತ್ತಾರೆ. ತೈವಾನ್‌ನಲ್ಲೇ 1988ರ ಡಿಸೆಂಬರ್‌ನಲ್ಲಿ ಸಾವಿರಾರು ಜನ ‘ನಮ್ಮ ತಾಯಿನುಡಿ ವಾಪಸ್ ಕೊಡಿ’ ಎಂದು ಬೀದಿಗಿಳಿಯಬೇಕಾಯಿತು. ಮಾತು ಹೋದ ಮನೆಗಳಲ್ಲಿ ಉಳಿದಿರುವುದು ಪೂರ್ವಜರ ಪೂಜೆ, ಹಬ್ಬಕ್ಕೆ ಮಾಂಸ ತುಂಬಿದ ತೋಫು, ಮತ್ತೆ ಆ ಹೆಸರು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ನಿಜ. ಆದರೆ ಅದೇ ಹೆಸರಿಗೆ ಊರಿಗೊಂದು ಅರ್ಥ.

ಟೊರಾಂಟೊದಲ್ಲಿ ‘ಹಕ್ಕಾ’ ಎಂಬ ಬೋರ್ಡಿನ ರೆಸ್ಟೋರೆಂಟ್‌ಗಳು ಬೇಕಾದಷ್ಟಿವೆ, ಕಲ್ಕತ್ತೆಯಿಂದ ಹೋದವರು ಶುರುಮಾಡಿದ ರುಚಿ. ಒಳಗೆ ಹೋದರೆ ಚಿಲ್ಲಿ ಚಿಕನ್, ಮಂಚೂರಿಯನ್, ಮೇಲೆ ಹಸಿಮೆಣಸಿನಕಾಯಿ. ಮೇಜಿನ ಸುತ್ತ ಪಂಜಾಬಿ, ಗುಜರಾತಿ, ಪಾಕಿಸ್ತಾನಿ ಸಂಸಾರಗಳು. ಮೇಯ್‌ಝೌನಿಂದ ನೇರ ಬಂದ ಹಕ್ಕಾ ಅಜ್ಜಿಯೊಬ್ಬಳು ಅಲ್ಲಿಗೆ ಕಾಲಿಟ್ಟರೆ, ಇದು ಯಾವ ದೇಶದ ಊಟ ಎಂದು ಮಾಣಿಯನ್ನೇ ಕೇಳಬೇಕಾದೀತು.