ರಸ್ತೆ ತಪ್ಪುವುದು ಸರ್ವೆ ನಂಬರಿನ ಅಂಚಿನಲ್ಲಿ

ಬೆಳೆಯುತ್ತಿರುವ ಯಾವ ಊರಿನ ಹೊರವಲಯಕ್ಕೆ ಹೋದರೂ ಇದು ಕಾಣುತ್ತದೆ: ನಲವತ್ತು ಅಡಿ ರಸ್ತೆ ನೇರವಾಗಿ ಬಂದು ಪಕ್ಕದ ಬಡಾವಣೆಯ ಕಾಂಪೌಂಡಿಗೆ ಮುಖ ಕೊಟ್ಟು ನಿಲ್ಲುತ್ತದೆ. ಆಚೆಗಿನ ರಸ್ತೆ ಹತ್ತಡಿ ಎಡಕ್ಕೆ ಸರಿದಿರುತ್ತದೆ. ನೋಡಿದವರು ಪ್ಲಾನ್ ಬರೆದವರನ್ನು ಬೈಯುತ್ತಾರೆ. ಹಲವು ಸಲ ಎರಡೂ ಪ್ಲಾನ್ ತಮ್ಮಷ್ಟಕ್ಕೆ ಸರಿಯಾಗಿಯೇ ಇರುತ್ತವೆ. ಎರಡನ್ನೂ ಬೇರೆ ಬೇರೆ ಗಡಿ ಕಲ್ಲಿನಿಂದ ಅಳೆದಿರುತ್ತಾರೆ, ಅಷ್ಟೆ. ತುಮಕೂರಿನಲ್ಲಿ ಹೆದ್ದಾರಿಯ ಎರಡೂ ಬದಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶದವರೆಗೂ, ಹೊಲ ತೋಟಗಳು ನಿವೇಶನವಾಗುತ್ತಿವೆ. ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ ಎಳೆದ ಒಂದು ಗೆರೆ ಇಲ್ಲಿ ಹತ್ತಾರು ಸರ್ವೆ ನಂಬರುಗಳನ್ನು ದಾಟಿ ಹೋಗಬೇಕು. ಒಂದು ಜಮೀನಿನ ಒಳಗನ್ನು ಯಾರು ಬೇಕಾದರೂ ಅಳೆದಾರು. ಭೂಮಾಪಕರ ಕಸುಬು ಗೊತ್ತಾಗುವುದು ಅಂಚಿನಲ್ಲಿ.

ಆ ಅಂಚು ಎಲ್ಲಿದೆ ಎಂದು ಪಹಣಿ ಹೇಳುವುದಿಲ್ಲ. ಅದರಲ್ಲಿರುವುದು ಯಾರದ್ದು, ಎಷ್ಟು ಎಂಬ ಲೆಕ್ಕ. ಗಡಿಗೆ ಬೇಕಾದ್ದು ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಬರೆದ ಕೈನಕ್ಷೆ), ಹಿಸ್ಸಾ ಟಿಪ್ಪಣಿ (ಪಾಲಾದ ಮೇಲಿನ ಅಳತೆ), ಆಕಾರಬಂದ್ (ಪ್ರತಿ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆ; ಪೋಡಿ (ಜಮೀನು ಪಾಲು ಮಾಡಿ ಬೇರೆ ನಂಬರು ಕೊಡುವುದು) ಆಗಿದ್ದರೆ ಅದರ ಕಡತ, 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರುವ ಮುಂಚೆ ಮಾಡಿಸುವ ನಕ್ಷೆ) ಆಗಿದ್ದರೆ ಅದರ ಪ್ರತಿ. ನಮ್ಮ ನಂಬರಿನದಷ್ಟೇ ತೆಗೆಸಿದರೆ ಸಾಲದು, ಸುತ್ತಲಿನ ನಂಬರುಗಳದ್ದೂ ಬೇಕು. ಒಂದೇ ಬದುವಿಗೆ ಎರಡು ಟಿಪ್ಪಣಿಗಳಲ್ಲಿ ಎರಡು ಅಳತೆ ಇರುವುದುಂಟು, ಅದು ಬಡಾವಣೆ ಮಂಜೂರಾದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಟಿಪ್ಪಣಿಯ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಚದರ ಸರಪಳಿ 1,089 ಚದರ ಅಡಿ, ಅಂದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಟಿಪ್ಪಣಿಯಲ್ಲಿ 7–10 ಎಂದಿದ್ದರೆ ಏಳು ಸರಪಳಿ ಹತ್ತು ಆಣೆ: 251.6 ಅಡಿ, 76.7 ಮೀಟರ್. ಕಂಪ್ಯೂಟರಿನ ಮುಂದೆ ಕೂತವರು ಇದನ್ನೇ 7.10 ಸರಪಳಿ ಎಂದು ಹಾಕಿದರೆ 234.3 ಅಡಿ ಬರುತ್ತದೆ. ಒಂದೇ ಗೆರೆಯಲ್ಲಿ ಹದಿನೇಳು ಅಡಿ ಕಾಣೆ! ನಕ್ಷೆ ಆಗಲೂ ಚೆನ್ನಾಗಿಯೇ ಕಾಣುತ್ತದೆ, ಅದೇ ತೊಂದರೆ. ಲೆಕ್ಕ ಹಾಕಿದ ವಿಸ್ತೀರ್ಣವನ್ನು ಆಕಾರಬಂದ್‌ನ ವಿಸ್ತೀರ್ಣದ ಪಕ್ಕ ಇಟ್ಟು ನೋಡಿದರೆ ಮಾತ್ರ ಈ ಬಗೆಯ ತಪ್ಪು ಸಿಕ್ಕಿಬೀಳುತ್ತದೆ.

ಗ್ರಾಮ ನಕ್ಷೆಯಿಂದ ನೇರವಾಗಿ ಗಡಿ ತೆಗೆಯುವುದು ಇನ್ನೊಂದು ಚಾಳಿ. 1:7,920 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದ ಮೇಲೆ ಸುಮಾರು 4 ಮೀಟರ್. ಆ ನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹೊದಿಸಿದರೆ ದಪ್ಪ ಕಡಿಮೆಯಾಗುವುದಿಲ್ಲ. ಮೊಬೈಲಿನ ದಿಶಾಂಕ್ ಆ್ಯಪ್ ನಾವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಬಹಳ ಒಳ್ಳೆಯದು. ಅದನ್ನು ನೋಡಿಕೊಂಡು ಬೇಲಿ ಹಾಕಿಸಬಾರದು. ನೆಲದಲ್ಲಿ ಹುಡುಕಬೇಕಾದ್ದು ಬಾಂದು ಕಲ್ಲು (ಸರ್ವೆಯವರು ನೆಟ್ಟ ಗಡಿ ಕಲ್ಲು), ಅದರಲ್ಲೂ ಊರುಗಳ ಗಡಿ ಕೂಡುವ ಕಡೆಯ ಕಲ್ಲು. ಕನಿಷ್ಠ ಮೂರು ಹಳೆಯ ಗುರುತು ಸಿಕ್ಕಿ, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾದ ಮೇಲೆ ಕಳೆದುಹೋದ ಕಲ್ಲುಗಳ ಜಾಗ ತೆಗೆಯಬಹುದು. ತಾಳೆಯಾಗದ್ದನ್ನು ಸಾಫ್ಟ್‌ವೇರಿನಲ್ಲಿ ಎಳೆದು ಕೂರಿಸುವುದಕ್ಕೆ ಸರ್ವೆ ಎನ್ನಲಾಗದು.

ನಗರಕ್ಕೆ ಹೆಚ್ಚು ದುಬಾರಿಯಾಗುವುದು ಖರಾಬಿನ, ಅಂದರೆ ಸಾಗುವಳಿಯ ಲೆಕ್ಕದಿಂದ ಬಿಟ್ಟ ನೆಲದ, ವಿಚಾರ. ‘ಎ’ ಖರಾಬು ಬಂಡೆ, ಕೊರಕಲಿನಂಥ ಸಾಗುವಳಿಗೆ ಬಾರದ ನೆಲ. ‘ಬಿ’ ಖರಾಬು ಸಾರ್ವಜನಿಕ ಬಳಕೆಯದು: ದಾರಿ, ಹಳ್ಳ, ಸ್ಮಶಾನ. ಮಳೆ ಕಡಿಮೆಯಾದ ವರ್ಷಗಳಲ್ಲಿ ಹಳ್ಳ ಉತ್ತು ಸಮ ಮಾಡಿರುತ್ತಾರೆ, ನೆಲದಲ್ಲಿ ಗುರುತೇ ಇರುವುದಿಲ್ಲ. ಒಂದು ನಂಬರಿನಲ್ಲಿ ಐದು ಗುಂಟೆ ಖರಾಬು ಎಂದು ಆಕಾರಬಂದ್ ಹೇಳುತ್ತದೆ ಎನ್ನಿ. ಅದು ಯಾವ ಮೂಲೆಯಿಂದ ಯಾವ ಮೂಲೆಗೆ ಹಾಯುತ್ತದೆ ಎಂದು ತಿಳಿಯಲು ಟಿಪ್ಪಣಿಯನ್ನೂ ಗ್ರಾಮ ನಕ್ಷೆಯನ್ನೂ ಬಿಚ್ಚಬೇಕು. ಬಡಾವಣೆಯವರು ಆ ಐದು ಗುಂಟೆಯನ್ನು ತಮಗೆ ಅನುಕೂಲವಾದ ಮೂಲೆಯಲ್ಲಿ ‘ಬಿಟ್ಟು’, ಹಳ್ಳದ ಮೇಲೆ ನಿವೇಶನ ಮಾಡಿದರೆ ವಿಸ್ತೀರ್ಣದ ಲೆಕ್ಕ ಸರಿಹೋಗುತ್ತದೆ. ನೀರಿಗೆ ಆ ಲೆಕ್ಕ ಗೊತ್ತಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳಲ್ಲಿ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುವ ಸರಣಿಯಲ್ಲಿವೆ. ಆದ್ದರಿಂದ ಮೇಲೆ ಮುಚ್ಚಿದ ಹಳ್ಳದ ಫಲ ಕೆಳಗಿನ ಮನೆಗಳಿಗೆ.

ಅಂಚು ಗೊತ್ತಾದ ಮೇಲೆ ಅದನ್ನು ಎಲ್ಲರಿಗೂ ಒಂದೇ ಆದ ಅಕ್ಷಾಂಶ ರೇಖಾಂಶದ ಚೌಕಟ್ಟಿಗೆ ಕಟ್ಟಬೇಕು. ಇದನ್ನು ಮಾಡದ ಕಾರಣಕ್ಕೇ ಮೊದಲು ಹೇಳಿದ ರಸ್ತೆಗಳು ಕೂಡುವುದಿಲ್ಲ. ಆರ್‌ಟಿಕೆ ರೋವರ್ (ಉಪಗ್ರಹ ಸಂಕೇತದಿಂದ ಜಾಗ ತಿಳಿಸುವ ಉಪಕರಣ) ತೆರೆದ ಬಯಲಿನಲ್ಲಿ ಎರಡು ಮೂರು ಸೆಂಟಿಮೀಟರಿನ ನಿಖರತೆ ಕೊಡುತ್ತದೆ. ತೆಂಗಿನ ತೋಟದೊಳಗೆ ಅದನ್ನು ನಂಬುವಂತಿಲ್ಲ. ಪರದೆಯ ಮೇಲೆ ಫಿಕ್ಸ್ (ನಿಖರ ಲೆಕ್ಕ) ಬಾರದೆ ಫ್ಲೋಟ್‌ನಲ್ಲೇ (ಅಂದಾಜು ಲೆಕ್ಕದಲ್ಲೇ) ನಿಂತರೆ ಅರ್ಧ ಮೀಟರ್ ಆಚೀಚೆಯಾಗಬಹುದು. ತೋಟದ ಹೊರಗೆ ಎರಡು ಬಿಂದು ಕೊಟ್ಟುಕೊಂಡು ಒಳಗೆ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ನಿನಲ್ಲಿ ಹೋಗಬೇಕು. ಆ ಎರಡು ಬಿಂದುಗಳು ಹತ್ತಿರವಿರಬಾರದು. ಇಪ್ಪತ್ತು ಮೀಟರ್ ಅಂತರದಲ್ಲಿ 2 ಸೆಂಟಿಮೀಟರ್ ಅಡ್ಡ ತಪ್ಪಾದರೆ, ಅದೇ ದಿಕ್ಕಿನಲ್ಲಿ 200 ಮೀಟರ್ ಹೋಗುವಷ್ಟರಲ್ಲಿ 20 ಸೆಂಟಿಮೀಟರ್ ಆಗಿರುತ್ತದೆ.

ಯುಟಿಎಂ ಎಂದರೆ ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಸೀಳಿ, ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ. ಅದರ ವಲಯದ ಎಡವಟ್ಟು ನಮ್ಮ ಭಾಗಕ್ಕೂ ಇದೆ. 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ಪೂರ್ವ ರೇಖಾಂಶ. ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 43ರಲ್ಲಿವೆ; ಮಾಲೂರು ಪಟ್ಟಣವೂ 43ರಲ್ಲೇ, ಕೋಲಾರ ನಗರ ಮಾತ್ರ 44ರಲ್ಲಿ. ಕೋಲಾರ ಜಿಲ್ಲೆಯ ಪೈಪ್‌ಲೈನ್ ಕಡತಗಳನ್ನು ಎರಡು ವಲಯದಲ್ಲಿ ಕೊಟ್ಟರೆ ಒಂದರ ತುದಿ ಇನ್ನೊಂದಕ್ಕೆ ಸೇರುವುದೇ ಇಲ್ಲ. ಅದಕ್ಕಿಂತ ಸದ್ದಿಲ್ಲದ ತಪ್ಪು ಸ್ಕೇಲಿನದು. ನೆಲದ ಮೇಲಿನ ಒಂದು ಕಿಲೋಮೀಟರ್ ಯುಟಿಎಂ ಲೆಕ್ಕದಲ್ಲಿ ತುಮಕೂರಿನಲ್ಲಿ ಸುಮಾರು 12 ಸೆಂಟಿಮೀಟರ್ ಉದ್ದವಾಗುತ್ತದೆ. ವಲಯದ ಅಂಚಿನಲ್ಲಿರುವ ಕೋಲಾರದಲ್ಲಿ ಅರ್ಧ ಮೀಟರಿಗೂ ಹೆಚ್ಚು. 30×40 ನಿವೇಶನಕ್ಕೆ ಇದು ಲೆಕ್ಕಕ್ಕೆ ಬಾರದು, ಹತ್ತು ಕಿಲೋಮೀಟರ್ ರಸ್ತೆಗೆ ಬರುತ್ತದೆ. ನಕ್ಷೆಯ ಮೇಲೆ ವಲಯ ಯಾವುದು, ದೂರ ನೆಲದ್ದೋ ಗ್ರಿಡ್ಡಿನದೋ (ಯುಟಿಎಂ ಲೆಕ್ಕದ್ದೋ) ಎಂದು ಬರೆಯದ ಸರ್ವೆಯನ್ನು ಎಂಜಿನಿಯರುಗಳು ವಾಪಸು ಕಳಿಸಬೇಕು.

ಎತ್ತರದ ವಿಷಯಕ್ಕೆ ಬಂದರೆ ರೋವರನ್ನು ಪಕ್ಕಕ್ಕಿಟ್ಟು ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು), ಸ್ಟಾಫ್ (ಅಳತೆ ಕೋಲು) ಹಿಡಿಯುವುದೇ ಮೇಲು. ರೋವರ್ ಮೂಲತಃ ಕೊಡುವ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ಇಲ್ಲಿ ಸುಮಾರು 85 ಮೀಟರ್ ಅಂತರವಿದೆ. ಅದು ಎಲ್ಲರಿಗೂ ಗೊತ್ತು; ಆ ಅಂತರ ಊರಿನ ಎರಡು ತುದಿಗಳಲ್ಲಿ ಒಂದೇ ಇರುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಒಳಚರಂಡಿಗೆ 1:200 ಇಳಿಜಾರು ಎಂದಿಟ್ಟುಕೊಳ್ಳಿ. ಮೂವತ್ತು ಮೀಟರ್ ದೂರದ ಎರಡು ಮ್ಯಾನ್‌ಹೋಲ್‌ಗಳ ನಡುವೆ ಇಳಿಯಬೇಕಾದ್ದು 15 ಸೆಂಟಿಮೀಟರ್ ಮಾತ್ರ. ಎರಡೂ ಕಡೆ ಐದೈದು ಸೆಂಟಿಮೀಟರ್ ಎದುರು ಬದುರಾಗಿ ತಪ್ಪಿದರೆ ಉಳಿಯುವುದು 5. ಕೊಳಚೆ ಅಲ್ಲೇ ಕೂರುತ್ತದೆ. ಬೆಂಚ್ ಮಾರ್ಕಿನಿಂದ (ಎತ್ತರ ಗೊತ್ತಿರುವ ಗುರುತಿನಿಂದ) ಹೊರಟ ಲೆವೆಲಿಂಗ್ ಬೆಂಚ್ ಮಾರ್ಕಿಗೇ ಬಂದು ಮುಗಿಯಬೇಕು. 4 ಕಿಲೋಮೀಟರ್ ಸುತ್ತಿಗೆ 24 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ ಹೋಗಬೇಕು.

ನಿವೇಶನ ಗುರುತಿಸುವಾಗಿನ ಮಾತು ಸರಳ. 30×40ರ ಕರ್ಣ 50 ಅಡಿ ಬರಬೇಕು. ಸಾಲಿನಲ್ಲಿ ಇಪ್ಪತ್ತು ನಿವೇಶನವಿದ್ದರೆ ಒಂದೊಂದನ್ನೂ ಪಕ್ಕದ ಕಲ್ಲಿನಿಂದ ಅಳೆಯಬಾರದು, ಮೊದಲ ಕಲ್ಲಿನಿಂದಲೇ 30, 60, 90 ಎಂದು 600 ಅಡಿಯವರೆಗೂ ಅಳೆಯಬೇಕು. ಇಲ್ಲದಿದ್ದರೆ ಒಂದೊಂದು ಅಂಗುಲ ಕೂಡಿ ಕೊನೆಯ ನಿವೇಶನದವರಿಗೆ ಒಂದೂವರೆ ಅಡಿ ಕೊರತೆಯಾಗುತ್ತದೆ.

ಅಳತೆಗೆಲ್ಲ ಆಧಾರವಾಗುವ ಕಂಟ್ರೋಲ್ ಕಂಬಗಳಿಗೆ ಖರ್ಚು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆಲಸ ಶುರುವಾಗುವ ಮುಂಚೆ, ಜೆಸಿಬಿ ಓಡಾಡದ ಕಡೆ, ಕಾಂಕ್ರೀಟಿನಲ್ಲಿ ಕನಿಷ್ಠ ಮೂರು ಕಂಬ ನೆಡಬೇಕು. ಮೂರರಲ್ಲಿ ಒಂದು ಅಲುಗಿದರೆ ಉಳಿದ ಎರಡರ ದೂರ ಅಳೆದು ಯಾವುದು ಅಲುಗಿದೆ ಎಂದು ಪತ್ತೆ ಮಾಡಬಹುದು. ಎರಡೇ ಇದ್ದು ಅವುಗಳ ದೂರ ತಾಳೆಯಾಗದಿದ್ದರೆ ಯಾವ ಕಂಬವನ್ನು ನಂಬುವುದೆಂದು ಹೇಳಲು ಯಾವ ಯಂತ್ರಕ್ಕೂ ಆಗುವುದಿಲ್ಲ, ಸರ್ವೆಯನ್ನು ಬಾಂದು ಕಲ್ಲಿನಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ.